ಬಟ್ಟೆ ಸವೆತದ ಪರೀಕ್ಷೆ: ಪದೇ ಪದೇ ಕೇಳುವ ಪ್ರಶ್ನೆಗಳು

ಒಂಬತ್ತು ವರ್ಷ ಬಟ್ಟೆ ಪರೀಕ್ಷಿಸುವ ಲ್ಯಾಬಿನಲ್ಲಿ ಕೆಲಸ ಮಾಡಿದೆ. ಈಗ ಉಡುಪಿಯಲ್ಲಿ ಸೋಫಾ ಬಟ್ಟೆ, ಪರದೆ ಬಟ್ಟೆ ಮಾರುತ್ತೇನೆ. ಅಂಗಡಿಗೆ ಬರುವವರು, ಮಂಗಳೂರಿನ ಟೈಲರ್‌ಗಳು, ಕುಶನ್ ಕೆಲಸದವರು, ಹೊಸ ಮನೆ ಕಟ್ಟಿಸುವವರು ಕೇಳುವುದು ಹೆಚ್ಚುಕಡಿಮೆ ಇವೇ ಪ್ರಶ್ನೆಗಳನ್ನು. ವಾಟ್ಸಾಪ್‌ನಲ್ಲಿ ಒಂದೇ ಉತ್ತರ ಹತ್ತು ಸಲ ಟೈಪ್ ಮಾಡಿ ಸಾಕಾಯಿತು. ಅದಕ್ಕೇ ಎಲ್ಲ ಒಟ್ಟಿಗೆ ಬರೆದಿಟ್ಟೆ. ಸುಲಭದ್ದು ಮೊದಲು, ಲ್ಯಾಬಿನ ಒಳಗಿನದ್ದು ಕೊನೆಗೆ.

## ಅಂಗಡಿಯ ಕೌಂಟರಿನಲ್ಲಿ

ಸ್ಯಾಂಪಲ್ ಪುಸ್ತಕದ ಹಿಂದೆ "30,000 ಮಾರ್ಟಿಂಡೇಲ್" ಅಂತ ಉಂಟಲ್ಲ, ಎಂತ ಅದು?

ಆ ಬಟ್ಟೆಯ ತುಂಡನ್ನು ಒಂದು ಮಿಶನ್ ಉಣ್ಣೆ ಬಟ್ಟೆಯ ಮೇಲೆ ಒತ್ತಿ ಉಜ್ಜಿದೆ. 30,000 ಸಲ ಉಜ್ಜಿದರೂ ಅದರ ನೂಲು ಕಡಿದಿಲ್ಲ. ಅಷ್ಟೇ ಅರ್ಥ. ಅದು ನೂಲಿನ ಕೌಂಟ್ ಅಲ್ಲ, ಮೀಟರಿನ ರೇಟೂ ಅಲ್ಲ. ಒಬ್ಬರು ಅದನ್ನು ಸ್ಟಾಕ್ ನಂಬರ್ ಅಂತ ತಿಳಿದು ಬರೆದುಕೊಂಡು ಹೋಗಿದ್ದರು!

ಮಾರ್ಟಿಂಡೇಲ್ ಅನ್ನುವುದು ಮನುಷ್ಯನ ಹೆಸರು. ಇಂಗ್ಲೆಂಡಿನ ಲೀಡ್ಸ್‌ನಲ್ಲಿ, ಉಣ್ಣೆ ಉದ್ಯಮದ ಸಂಶೋಧನಾ ಸಂಸ್ಥೆಯಲ್ಲಿ ಅವರಿದ್ದರು. 1940ರ ದಶಕದ ಮೊದಲಲ್ಲಿ ಈ ಮಿಶನ್ ಮಾಡಿದರು. ಉಣ್ಣೆಯವರ ಮನೆಯಲ್ಲಿ ಹುಟ್ಟಿದ್ದರಿಂದಲೋ ಏನೋ, ಇವತ್ತಿಗೂ ಉಜ್ಜುವುದು ಉಣ್ಣೆ ಬಟ್ಟೆಯಿಂದಲೇ.

30,000 ಅಂದ್ರೆ ಎಷ್ಟು ವರ್ಷ ಬರ್ತದೆ?

ಇದನ್ನು ಕೇಳದೆ ಹೋದ ಗಿರಾಕಿ ಕಡಿಮೆ. "ದಿನಕ್ಕೆ ಹತ್ತು ಸಲ ಕೂತರೆ ವರ್ಷಕ್ಕೆ 3,650, ಹಾಗಾದರೆ ಎಂಟು ವರ್ಷ" ಅಂತ ಲೆಕ್ಕ ಹಾಕಿ ಹೇಳುವ ಮಾರಾಟಗಾರರೂ ಇದ್ದಾರೆ. ಅದು ಸುಮ್ನೆ ಲೆಕ್ಕ. ಒಂದು ಸಲ ಕೂರುವುದು ಒಂದು ಉಜ್ಜು ಅಲ್ಲ. ಕೂತ ಮೇಲೆ ಜಾರುತ್ತೇವೆ, ಕಾಲು ಮಡಚುತ್ತೇವೆ, ಪ್ಯಾಂಟಿನ ಜೇಬಿನಲ್ಲಿ ಬೀಗದ ಕೈ ಇರುತ್ತದೆ, ಬೆವರು ಇರುತ್ತದೆ. ಮಿಶನ್‌ಗೆ ಇದ್ಯಾವುದೂ ಗೊತ್ತಿಲ್ಲ.

ಒಂದೇ ತಾನಿನ ಬಟ್ಟೆಯನ್ನು ನಾನು ಎರಡು ಮನೆಗೆ ಕೊಟ್ಟಿದ್ದೆ. ಒಂದು ಮಣಿಪಾಲದಲ್ಲಿ, ಅಜ್ಜ ಅಜ್ಜಿ ಇಬ್ಬರೇ. ಇನ್ನೊಂದು ಮಲ್ಪೆ ಕಡಲಿನ ಹತ್ತಿರ, ಮೂರು ಮಕ್ಕಳು. ಮೂರು ವರ್ಷದ ಮೇಲೆ ಎರಡನೇ ಮನೆಗೆ ಹೋದಾಗ ಸೋಫಾದ ಎಡಗೈ ತುದಿಯಲ್ಲಿ ನಾಲ್ಕು ಬೆರಳಗಲ ಹೊಳಪು ಕಂಡಿತು. ಮನೆಯ ಯಜಮಾನರು ಅಲ್ಲೇ ಮೊಣಕೈ ಊರಿ ಮೊಬೈಲ್ ನೋಡುತ್ತಿದ್ದರು. ಕುಶನ್ ಎತ್ತಿದರೆ ಸಂದಿಯಲ್ಲಿ ಒಂದು ಹಿಡಿ ಮರಳು. ಮರಳು ಅಂದರೆ ಸಣ್ಣ ಸಣ್ಣ ಅರ. ಕೂತಾಗಲೆಲ್ಲ ನೂಲನ್ನು ಕೊಯ್ಯುತ್ತದೆ. ಮಣಿಪಾಲದ ಸೋಫಾ ಅವತ್ತಿಗೂ ಹೊಸದರ ಹಾಗೇ ಇತ್ತು.

ಹಾಗಾಗಿ ಈ ನಂಬರ್ ಎರಡು ಬಟ್ಟೆಗಳನ್ನು ಹೋಲಿಸಲು ಮಾತ್ರ. ವರ್ಷ ಎಣಿಸಲು ಅಲ್ಲ.

ನಮ್ಮ ಮನೆಗೆ ಎಷ್ಟು ನಂಬರ್ ಸಾಕು ಮಾರಾಯ್ರೆ?

ಅಲಂಕಾರದ ದಿಂಬು, ಯಾರೂ ಕೂರದ ಮೂಲೆಯ ಕುರ್ಚಿಗೆ 10,000 ಇದ್ದರೂ ನಡೆಯುತ್ತದೆ. ದಿನಾ ಬಳಸುವ ಸೋಫಾಕ್ಕೆ 20,000ದಿಂದ 25,000. ಮಕ್ಕಳು, ನಾಯಿ, ಬಂದು ಹೋಗುವವರು ಜಾಸ್ತಿ ಇದ್ದರೆ 30,000. ಹೋಟೆಲ್, ಕ್ಲಿನಿಕ್ಕಿನ ಕಾಯುವ ಕೋಣೆ, ಆಫೀಸಿಗೆ 40,000ದ ಮೇಲೆ. ಜವಳಿ ವ್ಯಾಪಾರದಲ್ಲಿ ರೂಢಿಯಲ್ಲಿರುವ ಅಂದಾಜು ಇದು. ಪರದೆಗೆ ಈ ನಂಬರ್ ನೋಡಲೇಬೇಡಿ. ಪರದೆಯನ್ನು ಯಾರೂ ಉಜ್ಜುವುದಿಲ್ಲ, ಅದನ್ನು ಕೊಲ್ಲುವುದು ಬಿಸಿಲು.

ದಪ್ಪ ಬಟ್ಟೆ ಜಾಸ್ತಿ ಬಾಳಿಕೆ ಬರ್ತದೆ ಅಲ್ವಾ?

ಬೇರೆಲ್ಲ ಒಂದೇ ಇದ್ದರೆ ಹೌದು. ಆದರೆ ಬೇರೆಲ್ಲ ಒಂದೇ ಇರುವುದಿಲ್ಲ. ಸಡಿಲವಾಗಿ ನೇಯ್ದ ದಪ್ಪ ಬಟ್ಟೆಗಿಂತ ಬಿಗಿಯಾಗಿ ನೇಯ್ದ ತೆಳು ನೈಲಾನ್ ಎಷ್ಟೋ ಮೇಲು. ಶಾಲೆಯ ಬ್ಯಾಗ್ ಮುಟ್ಟಿ ನೋಡಿ. ತೆಳ್ಳಗಿರುತ್ತದೆ, ಆದರೂ ಬಸ್ಸಿನ ನೆಲದಲ್ಲಿ ಎಳೆದಾಡಿದ್ದನ್ನು ತಡೆದುಕೊಳ್ಳುತ್ತದೆ.

ಉಜ್ಜಿದಾಗ ಬಣ್ಣ ಹೋಗ್ತದಾ ಅಂತ ನೋಡುವುದೂ ಇದೇ ಪರೀಕ್ಷೆಯಾ?

ಅಲ್ಲ. ಅದು ಬೇರೆ, ಕ್ರಾಕ್‌ಮೀಟರ್ ಪರೀಕ್ಷೆ. ಸಣ್ಣ ಗೂಟದ ತುದಿಗೆ ಬಿಳಿ ಹತ್ತಿ ಬಟ್ಟೆ ಕಟ್ಟಿ, ನಮ್ಮ ಬಟ್ಟೆಯ ಮೇಲೆ ಹತ್ತು ಸಲ ಹಿಂದೆ ಮುಂದೆ ಎಳೆಯುತ್ತಾರೆ. ಒಮ್ಮೆ ಒಣದರಲ್ಲಿ, ಒಮ್ಮೆ ಒದ್ದೆಯದರಲ್ಲಿ. ಬಿಳಿ ಬಟ್ಟೆಗೆ ಎಷ್ಟು ಬಣ್ಣ ಹತ್ತಿತು ಅಂತ ನೋಡಿ 1ರಿಂದ 5ರವರೆಗೆ ಅಂಕ ಕೊಡುತ್ತಾರೆ. 5 ಅಂದರೆ ಏನೂ ಹತ್ತಲಿಲ್ಲ.

ನೂಲು ಕಬ್ಬಿಣದ ಹಾಗೆ ಗಟ್ಟಿ ಇದ್ದು ಬಣ್ಣ ಮಾತ್ರ ಬಿಳಿ ಪಂಚೆಗೆ ಮೆತ್ತಿಕೊಳ್ಳುವ ಬಟ್ಟೆಗಳು ಉಂಟು. ಗಾಢ ನೀಲಿ, ಗಾಢ ಮೆರೂನ್ ತೆಗೆದುಕೊಳ್ಳುವವರು ಒದ್ದೆ ಅಂಕ ಕೇಳಿಯೇ ತೆಗೆದುಕೊಳ್ಳಿ. ನಮ್ಮೂರಿನ ಸೆಕೆಯಲ್ಲಿ ಒಣ ಬೆನ್ನು ಅನ್ನುವುದು ಇದೆಯಾ?

ಸೋಫಾ ಮೇಲೆ ಸಣ್ಣ ಸಣ್ಣ ಉಂಡೆ ಎದ್ದಿದೆ. ಬಟ್ಟೆ ಹಾಳಾಯ್ತಾ?

ಹಾಳಾಗಿಲ್ಲ, ಚಂದ ಹೋಗಿದೆ. ಇದನ್ನು ಪಿಲ್ಲಿಂಗ್ ಅನ್ನುತ್ತಾರೆ. ಉಜ್ಜಿದಾಗ ನೂಲಿನಿಂದ ಸಣ್ಣ ನಾರು ಹೊರಗೆ ಬಂದು ಸುತ್ತಿಕೊಂಡು ಉಂಡೆಯಾಗುತ್ತದೆ. ಹತ್ತಿಯಲ್ಲಿ ಉಂಡೆ ಸ್ವಲ್ಪ ದಿನಕ್ಕೆ ತಾನೇ ಉದುರುತ್ತದೆ. ಪಾಲಿಸ್ಟರ್ ಬೆರೆಸಿದ ಬಟ್ಟೆಯಲ್ಲಿ ನಾರು ಗಟ್ಟಿ, ಕಡಿಯುವುದಿಲ್ಲ, ಉಂಡೆ ಅಲ್ಲೇ ನೇತಾಡುತ್ತದೆ. ಅಂದರೆ ಗಟ್ಟಿ ನಾರಿನದ್ದೇ ಈ ತೊಂದರೆ. ಇದನ್ನೂ ಮಾರ್ಟಿಂಡೇಲ್ ಮಿಶನ್‌ನಲ್ಲೇ, ಕಡಿಮೆ ಭಾರ ಇಟ್ಟು, ಕಡಿಮೆ ಸಲ ಉಜ್ಜಿ ನೋಡುತ್ತಾರೆ. ಫಲಿತಾಂಶ 5ರಿಂದ 1ರ ಅಂಕದಲ್ಲಿ ಬರುತ್ತದೆ. ಎಂಬತ್ತು ಸಾವಿರ ಉಜ್ಜಿಗೆ ಹರಿಯದ ಬಟ್ಟೆಗೆ ಪಿಲ್ಲಿಂಗ್‌ನಲ್ಲಿ 2 ಬಂದದ್ದನ್ನು ನಾನೇ ನೋಡಿದ್ದೇನೆ.

ಉಂಡೆಯನ್ನು ಕೈಯಿಂದ ಕೀಳಬೇಡಿ. ಜೊತೆಗೆ ಇನ್ನಷ್ಟು ನಾರು ಎದ್ದು ಬರುತ್ತದೆ. ಕತ್ತರಿಸುವ ಸಣ್ಣ ಮಿಶನ್ ಸಿಗುತ್ತದೆ, ಅದು ಒಳ್ಳೆಯದು.

## ನೂಲು, ನೇಯ್ಗೆ, ಬಳಕೆ

ಯಾವ ನೂಲು ಎಲ್ಲಕ್ಕಿಂತ ಗಟ್ಟಿ?

ಉಜ್ಜುವ ವಿಷಯದಲ್ಲಿ ನೈಲಾನ್ ರಾಜ. ಅದರ ಹಿಂದೆ ಪಾಲಿಸ್ಟರ್. ಉಣ್ಣೆ, ಹತ್ತಿ ಮಧ್ಯದಲ್ಲಿ. ಮುಟ್ಟಲು ಹಿತವಾದ ವಿಸ್ಕೋಸ್ (ರೇಯಾನ್ ಅನ್ನುವುದೂ ಇದನ್ನೇ) ಕೆಳಗೆ, ಅಸಿಟೇಟ್ ಇನ್ನೂ ಕೆಳಗೆ. ನೈಲಾನ್ ಗೆಲ್ಲುವುದು ಬರೀ ಬಲದಿಂದಲ್ಲ. ಎಳೆದರೆ ಹಿಗ್ಗುತ್ತದೆ, ಬಿಟ್ಟರೆ ವಾಪಸ್ ಬರುತ್ತದೆ. ಉಜ್ಜಿದ ಏಟನ್ನು ಅದು ನುಂಗಿಕೊಳ್ಳುತ್ತದೆ. ಉಣ್ಣೆಯದ್ದೂ ಅದೇ ಗುಣ. ಬಲ ನೋಡಿದರೆ ಬಡಪಾಯಿ, ಆದರೆ ಹಿಗ್ಗುವ ಸ್ವಭಾವದಿಂದ ಉಳಿದುಕೊಳ್ಳುತ್ತದೆ.

ನಾರಿನಷ್ಟೇ ನೂಲೂ ಮುಖ್ಯ. ಉದ್ದ ನಾರಿನ ನೂಲು ಬೇಗ ಬಿಚ್ಚುವುದಿಲ್ಲ. ಹುರಿ ತೀರಾ ಕಡಿಮೆ ಇದ್ದರೆ ನಾರು ಎದ್ದು ಬರುತ್ತದೆ. ತೀರಾ ಜಾಸ್ತಿ ಇದ್ದರೆ ನೂಲು ತಂತಿಯ ಹಾಗೆ ಬಿರುಸಾಗುತ್ತದೆ, ಉಜ್ಜಿದಾಗ ಬಾಗದೆ ಕಡಿಯುತ್ತದೆ. ನೇಯ್ಗೆಯಲ್ಲಿ ಸ್ಯಾಟಿನ್ ತರಹದ್ದು ನೋಡಲು ಚಂದ, ಆದರೆ ನೂಲು ಉದ್ದಕ್ಕೆ ಮೇಲೆ ತೇಲಿಕೊಂಡಿರುತ್ತದೆ. ಉಗುರಿಗೆ, ಬಳೆಗೆ, ಉಂಗುರಕ್ಕೆ ಸಿಕ್ಕಿಕೊಳ್ಳುವುದು ಅದೇ.

ಖಾಕಿ ನಮ್ಮ ಮಂಗಳೂರಿಂದೇ ಅಂತಾರೆ. ಅದು ಅಷ್ಟು ಗಟ್ಟಿ ಯಾಕೆ?

19ನೇ ಶತಮಾನದಲ್ಲಿ ಬಾಸೆಲ್ ಮಿಶನ್ ಎಂಬ ಕ್ರೈಸ್ತ ಸಂಸ್ಥೆಯ ನೇಯ್ಗೆ ಕಾರ್ಖಾನೆಯಲ್ಲಿ ಖಾಕಿ ಬಣ್ಣ ಮಾಡಿದರು ಅಂತ ಮಂಗಳೂರಿನವರು ಹೆಮ್ಮೆಯಿಂದ ಹೇಳುತ್ತಾರೆ. ವಾಯವ್ಯ ಗಡಿಯ ಕಡೆಯ ಸೈನಿಕರ ಕಥೆ ಹೇಳುವವರು ಬೇರೆ ಇದ್ದಾರೆ. ಆ ಜಗಳ ನನಗೆ ಬೇಡ. ಖಾಕಿ ಅನ್ನುವುದು ಬಣ್ಣದ ಹೆಸರು. ಯೂನಿಫಾರ್ಮಿನ ಗಟ್ಟಿತನ ಬರುವುದು ಡ್ರಿಲ್ ನೇಯ್ಗೆಯಿಂದ, ಅಂದರೆ ಓರೆ ಗೆರೆ ಕಾಣುವ ಒತ್ತು ನೇಯ್ಗೆ. ಅದರಲ್ಲಿ ನೂಲುಗಳನ್ನು ಹತ್ತಿರ ಹತ್ತಿರ ತುರುಕಬಹುದು.

ಉಡುಪಿ ಸೀರೆಗೂ ಇಷ್ಟು ಉಜ್ಜಿ ನೋಡ್ತಾರಾ?

ನೋಡಬಹುದು. ಆದರೆ ಸೋಫಾದ ನಂಬರ್ ಅದರಿಂದ ಕೇಳುವುದು ನ್ಯಾಯ ಅಲ್ಲ. 2016ರಲ್ಲಿ ಜಿಐ, ಅಂದರೆ ಭೌಗೋಳಿಕ ಗುರುತಿನ ಮಾನ್ಯತೆ ಪಡೆದ ಉಡುಪಿ ಕೈಮಗ್ಗದ ಸೀರೆ ಸಣ್ಣ ಹತ್ತಿ ನೂಲಿನದ್ದು. ನಮ್ಮ ಸೆಕೆಗೆ ಹೇಳಿ ಮಾಡಿಸಿದ್ದು. ಗಾಳಿ ಆಡಬೇಕು ಅಂದರೆ ನೂಲು ಸಣ್ಣದಿರಬೇಕು. ಸಣ್ಣ ನೂಲು ಸವೆತಕ್ಕೆ ಬೇಗ ಸೋಲುತ್ತದೆ. ಎರಡೂ ಒಟ್ಟಿಗೆ ಸಿಗುವುದಿಲ್ಲ.

ಮಜಾ ಏನೆಂದರೆ, ಬಟ್ಟೆಯ ಮೊದಲ ಸವೆತದ ಪರೀಕ್ಷೆ ನಡೆಯುವುದು ಮಗ್ಗದಲ್ಲೇ. ಹಾಸಿನ ನೂಲು, ಅಂದರೆ ಮಗ್ಗದಲ್ಲಿ ಉದ್ದಕ್ಕೆ ಕಟ್ಟಿದ ನೂಲು, ಬಾಚಣಿಗೆಯಂಥ ಹಣಿಗೆಯ ಹಲ್ಲುಗಳ ಮಧ್ಯೆ ಸಾವಿರಾರು ಸಲ ಉಜ್ಜಿಸಿಕೊಳ್ಳುತ್ತದೆ. ಅದಕ್ಕೇ ನೇಕಾರರು ಹಾಸಿನ ನೂಲಿಗೆ ಗಂಜಿ ಹಚ್ಚುವುದು. ಗಂಜಿ ಒಣಗಿ ನಾರುಗಳನ್ನು ಮಲಗಿಸಿಬಿಡುತ್ತದೆ, ನೂಲು ನಯವಾಗಿ ಜಾರುತ್ತದೆ. ಮನೆಯಲ್ಲಿ ಹತ್ತಿ ಸೀರೆಗೆ ಗಂಜಿ ಹಾಕುವಾಗ ಮಾತ್ರ ಹದ ಇರಲಿ. ತೀರಾ ಗಟ್ಟಿ ಗಂಜಿ ಹಾಕಿ ಇಸ್ತ್ರಿ ಮಾಡಿದರೆ ಮಡಿಕೆಯ ಗೆರೆಯಲ್ಲಿ ನೂಲು ಮುರಿಯುತ್ತದೆ.

ಸೀರೆ ನಿಜವಾಗಿ ಸವೆಯುವುದು ಕೆಳ ಅಂಚಿನಲ್ಲಿ, ನೆಲಕ್ಕೆ ತಾಗುವಲ್ಲಿ. ಫಾಲ್ ಹೊಲಿಸುವುದು ನೆರಿಗೆ ನೆಟ್ಟಗೆ ನಿಲ್ಲಲಿ ಅಂತ ಮಾತ್ರ ಅಲ್ಲ. ನೆಲದ ಉಜ್ಜನ್ನು ಫಾಲ್ ತಿನ್ನುತ್ತದೆ, ಸೀರೆ ಉಳಿಯುತ್ತದೆ.

ಯಕ್ಷಗಾನದ ವೇಷದಲ್ಲಿ ಮಂಡಿ ಹತ್ತಿರವೇ ಬಟ್ಟೆ ಹೋಗ್ತದೆ. ಏನು ಮಾಡುವುದು?

ವೇಷಭೂಷಣ ನೋಡಿಕೊಳ್ಳುವವರೊಬ್ಬರು ಇದನ್ನು ಕೇಳಿದ್ದರು. ಬಡಗುತಿಟ್ಟಿನಲ್ಲಿ ಮಂಡಿ ಊರಿ ಗಿರಗಿರ ಸುತ್ತುವಾಗ ಇಡೀ ಮೈಭಾರ ಎರಡು ಮೊಣಕಾಲಿನ ಮೇಲೆ. ರಂಗಸ್ಥಳದ ನೆಲ ಒರಟು. ಯಾವ ಲ್ಯಾಬ್ ಮಿಶನ್ನೂ ಇಷ್ಟು ಕ್ರೂರ ಅಲ್ಲ. ಜೊತೆಗೆ ಅಲ್ಲಿ ಬಿಸಿ ಹುಟ್ಟುತ್ತದೆ. ನೈಲಾನ್, ಪಾಲಿಸ್ಟರ್ ಬಿಸಿಗೆ ಮೆತ್ತಗಾಗಿ ಹೊಳಪು ಬರುತ್ತದೆ, ಹೆಚ್ಚಾದರೆ ಕರಗಿ ಗಟ್ಟಿಯಾಗುತ್ತದೆ. ಹತ್ತಿ ಕರಗುವುದಿಲ್ಲ. ಹಾಗಾಗಿ ಮಂಡಿಯ ಒಳಗಡೆಗೆ ದಪ್ಪ ಹತ್ತಿ ಕ್ಯಾನ್ವಾಸಿನ ತೇಪೆ ಹಾಕಿ, ತೇಪೆಯ ಹೊಲಿಗೆ ಮಂಡಿಚಿಪ್ಪಿನ ಮೇಲೆ ಬಾರದ ಹಾಗೆ ನೋಡಿಕೊಳ್ಳಿ ಅಂದೆ. ಉಬ್ಬಿದ ಹೊಲಿಗೆಯೇ ಮೊದಲು ಸವೆಯುವುದು.

ರಿಂಕಲ್ ಫ್ರೀ ಶರ್ಟಿಗೆ ದುಡ್ಡು ಜಾಸ್ತಿ ಕೊಟ್ಟೆ. ಕಾಲರ್ ಬೇಗ ಹರಿಯಿತು. ಮೋಸ ಅಲ್ವಾ?

ಮೋಸ ಅಲ್ಲ, ಅದರ ಸ್ವಭಾವವೇ ಅದು. ಹತ್ತಿ ಸುಕ್ಕಾಗದಿರಲಿ ಅಂತ ರೆಸಿನ್ ಎಂಬ ರಾಸಾಯನಿಕ ಹಾಕಿ ಬಿಸಿ ಮಾಡುತ್ತಾರೆ. ನಾರಿನೊಳಗೆ ಕೊಂಡಿಗಳು ಬೀಳುತ್ತವೆ, ನಾರು ಬಾಗುವ ಗುಣ ಕಳೆದುಕೊಂಡು ಮುರುಕಲಾಗುತ್ತದೆ. ಮಟ್ಟಸ ಜಾಗದಲ್ಲಿ ತೊಂದರೆ ಕಾಣುವುದಿಲ್ಲ. ಕಾಲರಿನ ಮಡಿಕೆ, ಕಫ್‌ನ ಅಂಚಿನಲ್ಲಿ ಮೊದಲು ಕಾಣುತ್ತದೆ. ಮಡಿಕೆಯ ಮೇಲೆ ಉಜ್ಜುವುದು ಬೇರೆ, ಮಟ್ಟಸ ಉಜ್ಜುವುದು ಬೇರೆ. ಮಾರ್ಟಿಂಡೇಲ್ ನೋಡುವುದು ಮಟ್ಟಸವಾಗಿ ಉಜ್ಜುವುದನ್ನು ಮಾತ್ರ. ಪಾಲಿಸ್ಟರ್ ಬೆರೆಸಿದ ರಿಂಕಲ್ ಫ್ರೀ ಇದ್ದರೆ ಸ್ವಲ್ಪ ತಡೆಯುತ್ತದೆ.

ಕಲ್ಲಿಗೆ ಒಗೆಯುವುದಾ, ಮಿಶನ್ನಿಗೆ ಹಾಕುವುದಾ? ಯಾವುದರಲ್ಲಿ ಸವೆತ ಕಡಿಮೆ?

ಬೈರಾಸು, ಮುಂಡು, ಬೆಡ್‌ಶೀಟ್ ಹತ್ತಿಯದ್ದಾದರೆ ಕಲ್ಲು ಅಷ್ಟೇನೂ ಶತ್ರು ಅಲ್ಲ. ಹತ್ತಿ ಒದ್ದೆಯಾದಾಗ ಬಲ ಜಾಸ್ತಿಯಾಗುತ್ತದೆ. ಹಿಂದಿನವರು ಹತ್ತಿಯನ್ನು ಬಡಿದು ಬಡಿದು ಒಗೆದರೂ ಬಾಳಿಕೆ ಬಂದದ್ದು ಅದಕ್ಕೇ. ವಿಸ್ಕೋಸ್ ಇದಕ್ಕೆ ಪೂರ್ತಿ ಉಲ್ಟಾ. ಒದ್ದೆಯಾದರೆ ಅದರ ಬಲ ಬಹಳ ಇಳಿಯುತ್ತದೆ. ರೇಯಾನ್ ಕುರ್ತಾವನ್ನು ಕಲ್ಲಿಗೆ ಬಡಿದರೆ ಅದರ ಕಥೆ ಮುಗಿಯಿತು. ಮಿಶನ್ನಿಗೆ ಹಾಕುವಾಗ ಬಟ್ಟೆ ಒಳಮುಖ ಮಾಡಿ, ಜಿಪ್ ಹಾಕಿ. ಜೀನ್ಸಿನ ಜಿಪ್ ಪಕ್ಕದ ಟೀ ಶರ್ಟನ್ನು ತಿನ್ನುವಷ್ಟು ಬೇರೆ ಯಾವುದೂ ತಿನ್ನುವುದಿಲ್ಲ.

ಬಸ್ಸಿನ ಸೀಟಿನ ರೆಕ್ಸಿನ್‌ಗೆ ಎಷ್ಟು ಮಾರ್ಟಿಂಡೇಲ್?

ರೆಕ್ಸಿನ್ ಅಂದರೆ ಬಟ್ಟೆಯ ಮೇಲೆ ಪ್ಲಾಸ್ಟಿಕ್ ಪದರ. ನೂಲು ಕಡಿಯುವುದನ್ನು ಕಾದರೆ ಏನೂ ಗೊತ್ತಾಗುವುದಿಲ್ಲ. ಪದರ ಯಾವಾಗ ಬಿರಿಯಿತು, ಯಾವಾಗ ಸಿಪ್ಪೆ ಎದ್ದಿತು ಅನ್ನುವುದೇ ಮುಖ್ಯ. ನಮ್ಮ ಊರಲ್ಲಿ ರೆಕ್ಸಿನ್ ಸಾಯುವುದು ಉಜ್ಜಿ ಅಲ್ಲ. ಸೆಕೆ, ತೇವ, ಬೆವರಿಗೆ ಅಗ್ಗದ ಪಿಯು (ಪಾಲಿಯುರೆಥೇನ್ ಪ್ಲಾಸ್ಟಿಕ್) ಪದರ ಒಳಗಿಂದಲೇ ಹಳಸಿ ಚಕ್ಕೆ ಚಕ್ಕೆ ಏಳುತ್ತದೆ. ಯಾರೂ ಕೂರದ ಸೋಫಾ ಕೂಡ ಸಿಪ್ಪೆ ಸುಲಿದದ್ದು ನೋಡಿರಬೇಕಲ್ಲ? ಅದು ಸವೆತ ಅಲ್ಲ, ಕೊಳೆತ.

ಮನೆಯಲ್ಲೇ ಪರೀಕ್ಷೆ ಮಾಡಬಹುದಾ?

ನಂಬರ್ ಸಿಗುವುದಿಲ್ಲ. ಎರಡು ಬಟ್ಟೆಯಲ್ಲಿ ಯಾವುದು ಮೇಲು ಅಂತ ತಿಳಿಯಬಹುದು. ಒಂದು ಮಣೆಗೆ ದಪ್ಪ ಕ್ಯಾನ್ವಾಸ್ ಬಿಗಿದು ಮೊಳೆ ಹೊಡೆಯಿರಿ. ಎರಡು ಇಂಚಿನ ಮರದ ತುಂಡಿಗೆ ತೆಳು ಸ್ಪಂಜು ಇಟ್ಟು, ಅದರ ಮೇಲೆ ನಿಮ್ಮ ಬಟ್ಟೆ ಸುತ್ತಿ ಕಟ್ಟಿ. ಮೇಲೆ ಒಂದು ಕೆ.ಜಿ. ಉಪ್ಪಿನ ಪ್ಯಾಕೆಟ್. ಕೈಯಿಂದ ಒತ್ತಬೇಡಿ, ಸುಮ್ನೆ ತಳ್ಳಿ. 500 ಸಲ ಹಿಂದೆ ಮುಂದೆ, ಆಮೇಲೆ ತಿರುಗಿಸಿ ಅಡ್ಡಕ್ಕೆ 500 ಸಲ. ಎರಡನೇ ಬಟ್ಟೆಗೂ ಹಾಗೇ. ಆಮೇಲೆ ಎರಡನ್ನೂ ಕಿಟಕಿಗೆ ಹಿಡಿದು ನೋಡಿ. ಬೆಳಕು ಜಾಸ್ತಿ ಬರುವುದು ತೆಳ್ಳಗಾದದ್ದು.

ಮರಳು ಕಾಗದ ಬಳಸಬೇಡಿ. ಅದು ಉಜ್ಜುವುದಿಲ್ಲ, ಕೊಯ್ಯುತ್ತದೆ. ಒಳ್ಳೆಯದೂ ಕೆಟ್ಟದ್ದೂ ಐದು ನಿಮಿಷದಲ್ಲಿ ಚಿಂದಿ.

## ಲ್ಯಾಬಿನ ಒಳಗೆ

ಆ ಮಿಶನ್ ನಿಜವಾಗಿ ಹೇಗೆ ಉಜ್ಜುತ್ತದೆ?

ಕೆಳಗೆ ಒಂದು ದುಂಡು ಪೀಠ. ಅದರ ಮೇಲೆ ಉಣ್ಣೆಯ ಫೆಲ್ಟ್, ಅಂದರೆ ದಪ್ಪ ಮೆತ್ತೆ, ಫೆಲ್ಟಿನ ಮೇಲೆ ಉಜ್ಜುವ ಉಣ್ಣೆ ಬಟ್ಟೆ. ನಮ್ಮ ಬಟ್ಟೆಯಿಂದ 38 ಮಿ.ಮೀ. ಅಗಲದ ಬಿಲ್ಲೆ ಕತ್ತರಿಸಿ, ಹಿತ್ತಾಳೆ ಬಣ್ಣದ ಹಿಡಿಕೆಗೆ ಸಿಕ್ಕಿಸಿ ಮುಖ ಕೆಳಗೆ ಮಾಡಿ ಇಡುತ್ತೇವೆ. ಬಟ್ಟೆ ತೆಳ್ಳಗಿದ್ದರೆ ಹಿಂದೆ ಸ್ಪಂಜು. ಅಂಚು ಹಿಡಿಕೆಯೊಳಗೆ ಹೋಗುವುದರಿಂದ ಉಜ್ಜಿಸಿಕೊಳ್ಳುವ ಜಾಗ ಹತ್ತು ರೂಪಾಯಿ ನಾಣ್ಯಕ್ಕಿಂತ ಒಂಚೂರು ದೊಡ್ಡದು. ಮೈಮೇಲೆ ಹಾಕುವ ಬಟ್ಟೆಗೆ ಅದರ ಮೇಲೆ 595 ಗ್ರಾಂ ಭಾರ, ಅಂದರೆ 9 ಕಿಲೋಪಾಸ್ಕಲ್ ಒತ್ತಡ. ಸೋಫಾ ಬಟ್ಟೆಗೆ 795 ಗ್ರಾಂ, 12 ಕಿಲೋಪಾಸ್ಕಲ್.

ಇನ್ನು ಚಲನೆ. ಕಾವಲಿ ಮೇಲೆ ದೋಸೆ ಹೊಯ್ಯುವ ಹಾಗೆ ಬರೀ ಸುತ್ತು ಅಲ್ಲ. ಮೊದಲು ನೇರ ಗೆರೆ. ಗೆರೆ ನಿಧಾನ ಅಗಲವಾಗಿ ತೆಳು ಮೊಟ್ಟೆಯಾಗುತ್ತದೆ, ಆಮೇಲೆ ದುಂಡು, ಮತ್ತೆ ಮೊಟ್ಟೆ, ಕೊನೆಗೆ ಇನ್ನೊಂದು ದಿಕ್ಕಿಗೆ ಗೆರೆ. ಆಮೇಲೆ ಅದೇ ದಾರಿಯಲ್ಲಿ ವಾಪಸ್. ಇದಕ್ಕೆ ಲಿಸಾಜು ಆಕೃತಿ ಅನ್ನುತ್ತಾರೆ. ಒಂದು ಆಕೃತಿ ಮುಗಿದರೆ 16 ಉಜ್ಜು. ಪೆನ್ ಸಿಕ್ಕಿಸಿ ಕಾಗದದ ಮೇಲೆ ಬಿಡಿಸಿದರೆ ಥೇಟ್ ರಂಗೋಲಿ. ಮಿಶನ್ ಸರಿ ಇದೆಯಾ ಅಂತ ನೋಡುವುದೂ ಹಾಗೇ, ರಂಗೋಲಿಯ ಗೆರೆ ಸೊಟ್ಟಗಾದರೆ ರಿಪೇರಿ. ಹೀಗೆ ಎಲ್ಲ ದಿಕ್ಕಿನಿಂದ ಉಜ್ಜುವುದರಿಂದ ಉದ್ದದ ಹಾಸು, ಅಡ್ಡದ ಹೊಕ್ಕು ಎರಡಕ್ಕೂ ಏಟು ಬೀಳುತ್ತದೆ.

ನಿಮಿಷಕ್ಕೆ ಸುಮಾರು 47 ಉಜ್ಜು. 20,000ಕ್ಕೆ ಏಳು ಗಂಟೆ. ಒಂದು ಲಕ್ಷಕ್ಕೆ ಮೂವತ್ತೈದು ಗಂಟೆ, ಅದೂ ಮಧ್ಯೆ ನಿಲ್ಲಿಸದಿದ್ದರೆ. ನೋಡುತ್ತಾ ಕೂತರೆ ನಿದ್ದೆ ಗ್ಯಾರಂಟಿ.

"ಹರಿಯಿತು" ಅಂತ ಯಾವಾಗ ಲೆಕ್ಕ?

ನೇಯ್ದ ಬಟ್ಟೆಯಲ್ಲಿ ಬೇರೆ ಬೇರೆ ಎರಡು ನೂಲು ಪೂರ್ತಿ ಕಡಿದರೆ. ಟೀ ಶರ್ಟಿನಂಥ ಹೆಣೆದ ಬಟ್ಟೆಯಲ್ಲಿ ಒಂದೇ ನೂಲು ಕಡಿದು ತೂತಾದರೆ ಸಾಕು. ವೆಲ್ವೆಟ್ ತರಹದ್ದರಲ್ಲಿ ಮೇಲಿನ ಜೂಲು ಪೂರ್ತಿ ಹೋದರೆ.

ಇಲ್ಲಿ ಒಂದು ಗುಟ್ಟು ಇದೆ. ನಾವು ಪ್ರತಿ ಉಜ್ಜಿಗೂ ಬಗ್ಗಿ ನೋಡುವುದಿಲ್ಲ. 5,000ದಿಂದ 20,000ದವರೆಗೆ 2,000ಕ್ಕೊಮ್ಮೆ, 40,000ದವರೆಗೆ 5,000ಕ್ಕೊಮ್ಮೆ, ಆಮೇಲೆ 10,000ಕ್ಕೊಮ್ಮೆ ನೋಡುತ್ತೇವೆ. 16,000ದಲ್ಲಿ ಚೆನ್ನಾಗಿದ್ದು 18,000ದಲ್ಲಿ ನೋಡುವಾಗ ಹರಿದಿದ್ದರೆ, ವರದಿಯಲ್ಲಿ 16,000. ಹಾಗಾಗಿ 18,000ದ ಬಟ್ಟೆಗೂ 20,000ದ ಬಟ್ಟೆಗೂ ವ್ಯತ್ಯಾಸ ಒಂದು ಮೆಟ್ಟಿಲು, ಅಷ್ಟೇ. ಆ ಒಂದು ಮೆಟ್ಟಿಲಿಗೆ ಮೀಟರಿಗೆ ಇನ್ನೂರು ರೂಪಾಯಿ ಜಾಸ್ತಿ ಕೊಡಬೇಡಿ.

ಅಮೆರಿಕದ ಬಟ್ಟೆಯ ಮೇಲೆ "ಡಬಲ್ ರಬ್" ಅಂತ ಇರ್ತದೆ. ಎರಡರಿಂದ ಭಾಗಿಸಿದರೆ ಸರಿ ಆಗ್ತದಾ?

ಇಲ್ಲ. ಅದು ಬೇರೆಯೇ ಮಿಶನ್, ಹೆಸರು ವೈಜೆನ್‌ಬೀಕ್. ಬಟ್ಟೆಯನ್ನು ಬಿಗಿಯಾಗಿ ಎಳೆದು ಹಿಡಿದು, ಅದಕ್ಕೆ ಬಾಗಿದ ಡ್ರಮ್ ಹಿಂದೆ ಮುಂದೆ ಆಡಿಸುತ್ತಾರೆ. ಡ್ರಮ್ಮಿನ ಮೇಲೆ ದಪ್ಪ ಹತ್ತಿ ಬಟ್ಟೆ ಅಥವಾ ತಂತಿಯ ಜಾಲರಿ. ಹೋಗಿ ಬಂದರೆ ಒಂದು ಡಬಲ್ ರಬ್. ಹಾಸಿನ ದಿಕ್ಕಿಗೆ ಬೇರೆ ತುಂಡು, ಹೊಕ್ಕಿನ ದಿಕ್ಕಿಗೆ ಬೇರೆ ತುಂಡು. ಒಂದರಲ್ಲಿ ಗೆದ್ದ ಬಟ್ಟೆ ಇನ್ನೊಂದರಲ್ಲಿ ಸೋಲುವುದು ಮಾಮೂಲಿ. ಒಂದರ ನಂಬರನ್ನು ಇನ್ನೊಂದಕ್ಕೆ ಬದಲಾಯಿಸುವ ಸೂತ್ರವೇ ಇಲ್ಲ. ಕುಂಟಾಬಿಲ್ಲೆಯ ಸ್ಕೋರನ್ನು ಕಬಡ್ಡಿಗೆ ಬದಲಾಯಿಸಿದ ಹಾಗಾಗುತ್ತದೆ.

ಟೇಬರ್ ಅಂತ ಮೂರನೆಯದ್ದೂ ಇದೆ. ತಿರುಗುವ ತಟ್ಟೆ, ಮೇಲೆ ಎರಡು ಒರಟು ಚಕ್ರ. ಕಾರಿನ ಸೀಟು, ಕಾರ್ಪೆಟ್, ದಪ್ಪ ಕ್ಯಾನ್ವಾಸ್‌ಗೆ ಅದು ಬೇಕಾಗುತ್ತದೆ. ಅಲ್ಲಿ ಯಾವ ಚಕ್ರ, ಎಷ್ಟು ಭಾರ ಅಂತ ಬರೆಯದಿದ್ದರೆ ನಂಬರಿಗೆ ಬೆಲೆ ಇಲ್ಲ.

ಮಳೆಗಾಲದಲ್ಲಿ ಪರೀಕ್ಷೆ ಮಾಡಿದರೆ ಫಲಿತಾಂಶ ಬದಲಾಗ್ತದಾ?

ಲ್ಯಾಬ್ ಸರಿ ಇದ್ದರೆ ಬದಲಾಗಬಾರದು. ಬಟ್ಟೆಯನ್ನು ಮೊದಲು 65 ಶೇಕಡಾ ತೇವ, 20 ಡಿಗ್ರಿ ಬಿಸಿಯ ಕೋಣೆಯಲ್ಲಿ ಗಂಟೆಗಟ್ಟಲೆ ಇಟ್ಟು, ಅಲ್ಲೇ ಪರೀಕ್ಷಿಸಬೇಕು. ನಮ್ಮಂಥ ಬಿಸಿ ದೇಶದಲ್ಲಿ 27 ಡಿಗ್ರಿಯೂ ನಡೆಯುತ್ತದೆ. ಜುಲೈಯಲ್ಲಿ ಮಂಗಳೂರಿನ ಗಾಳಿಯಲ್ಲಿ ತೇವ 90 ಶೇಕಡಾದ ಹತ್ತಿರ. ಪಾಪಡ ಮೆತ್ತಗಾದ ಹಾಗೆ ಬಟ್ಟೆಯೂ ನೀರು ಕುಡಿಯುತ್ತದೆ. 65 ಶೇಕಡಾ ತೇವದಲ್ಲೇ ಹತ್ತಿ ತನ್ನ ತೂಕದ ಸುಮಾರು 8 ಶೇಕಡಾ ನೀರು ಹಿಡಿದುಕೊಂಡಿರುತ್ತದೆ, ಉಣ್ಣೆ 16. ಪಾಲಿಸ್ಟರ್ ಅರ್ಧ ಶೇಕಡಾ ಕೂಡ ಇಲ್ಲ.

ತೂಕ ಎಷ್ಟು ಇಳಿಯಿತು ಅಂತ ನೋಡುವ ಪರೀಕ್ಷೆಯಲ್ಲಿ ಇದು ನೇರ ಪೆಟ್ಟು. ಚದರ ಮೀಟರಿಗೆ 250 ಗ್ರಾಂ ಬಟ್ಟೆಯಾದರೆ 38 ಮಿ.ಮೀ. ಬಿಲ್ಲೆ ಬರೀ 0.28 ಗ್ರಾಂ. ತೇವ 3 ಶೇಕಡಾ ಏರಿದರೆ 8 ಮಿಲಿಗ್ರಾಂ ಜಾಸ್ತಿ ತೂಗುತ್ತದೆ. ಉಜ್ಜಿ ಉದುರಿದ ನಾರಿನ ತೂಕವೂ ಕೆಲವೊಮ್ಮೆ ಅಷ್ಟೇ. ಸವೆದ ಬಟ್ಟೆಯ ತೂಕ ಏರಿತು ಅಂತ ವರದಿ ಬರಬಹುದು!

ಒಂದೇ ಬಟ್ಟೆಗೆ ಎರಡು ಲ್ಯಾಬಿನವರು ಬೇರೆ ಬೇರೆ ನಂಬರ್ ಕೊಟ್ಟರು. ಯಾರು ಸುಳ್ಳು?

ಇಬ್ಬರೂ ಸತ್ಯ ಹೇಳುತ್ತಿರಬಹುದು. ಈ ಪರೀಕ್ಷೆಯಲ್ಲಿ ಒಂದೇ ಬಟ್ಟೆಯ ಅಕ್ಕಪಕ್ಕದ ಬಿಲ್ಲೆಗಳೇ ಬೇರೆ ಬೇರೆ ಉತ್ತರ ಕೊಡುತ್ತವೆ. ಅದಕ್ಕೇ ಕಡಿಮೆ ಅಂದರೂ ಮೂರು ಬಿಲ್ಲೆ. ಉಜ್ಜುವ ಉಣ್ಣೆ ಬಟ್ಟೆ ಹೊಸದಾ, ಹಳೆಯದಾ ಅನ್ನುವುದೂ ಲೆಕ್ಕಕ್ಕೆ ಬರುತ್ತದೆ. 50,000 ಉಜ್ಜಾದ ಮೇಲೂ ಬದಲಾಯಿಸದಿದ್ದರೆ ಅದೇ ನುಣುಪಾಗಿ, ಬಟ್ಟೆ ಸುಳ್ಳೇ ಗಟ್ಟಿ ಅನಿಸುತ್ತದೆ. ನೂಲು ಕಡಿದಿದೆಯಾ ಅಂತ ನೋಡುವುದು ಕಣ್ಣು. ಕಣ್ಣು ಎಲ್ಲರದ್ದೂ ಒಂದೇ ಅಲ್ಲ.

ಕೆಲಸಕ್ಕೆ ಸೇರಿದ ವರ್ಷ ನಾನೇ ಒಂದು ಎಡವಟ್ಟು ಮಾಡಿದ್ದೆ. ಉಣ್ಣೆ ಬಟ್ಟೆ ಬದಲಾಯಿಸುವಾಗ ಕೆಳಗಿನ ಫೆಲ್ಟ್ ತೆಗೆದಿಟ್ಟು ವಾಪಸ್ ಹಾಕಲು ಮರೆತೆ, ಒಂದೇ ಪೀಠದಲ್ಲಿ. ಬೇರೆ ಎಲ್ಲ ಬಿಲ್ಲೆ 20,000 ದಾಟಿದವು, ಆ ಪೀಠದ್ದು ಅದಕ್ಕೆ ಎಷ್ಟೋ ಮೊದಲೇ ತೂತು. ಎರಡು ದಿನ ಬಟ್ಟೆಯ ಮೇಲೆ ಅನುಮಾನಪಟ್ಟೆವು. ಮೂರನೇ ದಿನ ಕಸ ಗುಡಿಸುವಾಗ ಮೇಜಿನ ಕೆಳಗೆ ಫೆಲ್ಟ್ ಸಿಕ್ಕಿತು.

ಒಂದು ಲಕ್ಷ ರಬ್ಬಿನ ಬಟ್ಟೆ ಹಾಕಿಸಿದ್ದೆವು. ಎರಡೇ ವರ್ಷಕ್ಕೆ ಕುರ್ಚಿ ಹರಿಯಿತು. ಹೇಗೆ?

ಒಂದು ಆಸ್ಪತ್ರೆಯ ಕಾಯುವ ಕೋಣೆಯಿಂದ ಈ ದೂರು ಬಂದಾಗ ನಾನೇ ಹೋಗಿ ನೋಡಿದೆ. ಸೀಟಿನ ನಡುವೆ ಬಟ್ಟೆ ಹೊಸದರ ಹಾಗೇ ಇತ್ತು. ಹೋದದ್ದು ಹೊಲಿಗೆಯ ಪಕ್ಕದಲ್ಲಿ. ದಾರ ಕಡಿದಿರಲಿಲ್ಲ, ಬಟ್ಟೆಯೂ ಸವೆದಿರಲಿಲ್ಲ. ನುಣುಪಾದ ಪಾಲಿಸ್ಟರ್ ನೂಲು ಹೊಲಿಗೆಯಿಂದ ಜಾರಿಕೊಂಡು ಏಣಿಯ ಹಾಗೆ ಬಾಯಿ ಬಿಟ್ಟಿತ್ತು. ಹೊಲಿಗೆ ಜಾರುವ ಪರೀಕ್ಷೆ ಬೇರೆಯೇ ಉಂಟು, ಅದನ್ನು ಯಾರೂ ಕೇಳಿರಲಿಲ್ಲ. ಮಾರಿದವರು ತೋರಿಸಿದ್ದು ಲಕ್ಷದ ನಂಬರ್ ಮಾತ್ರ.

ಅಮೆರಿಕದಲ್ಲಿ ಆಫೀಸು, ಹೋಟೆಲ್ ಬಟ್ಟೆಯವರ ಸಂಘವೇ ಲಕ್ಷದ ಮೇಲಿನ ಡಬಲ್ ರಬ್ ನಂಬರಿಗೆ ಅರ್ಥ ಇಲ್ಲ ಅಂತ ಹೇಳುತ್ತದೆ. ಜನ ಜಾಸ್ತಿ ಬಂದು ಹೋಗುವ ಜಾಗಕ್ಕೂ ಅವರು ಕೇಳುವುದು 30,000 ಡಬಲ್ ರಬ್, ಅಥವಾ 40,000 ಮಾರ್ಟಿಂಡೇಲ್. ಅದರ ಮೇಲಿನ ದುಡ್ಡನ್ನು ಒಳ್ಳೆಯ ಹೊಲಿಗೆಗೆ ಕೊಡಿ.

ವರದಿ ಕೈಗೆ ಬಂದರೆ ಎಂತ ನೋಡಬೇಕು?

ಮೊದಲು ಯಾವ ಮಾನಕ. ಮಾರ್ಟಿಂಡೇಲ್ ಆದರೆ ಐಎಸ್‌ಒ 12947 ಎಂಬ ಅಂತರರಾಷ್ಟ್ರೀಯ ಮಾನಕ ಇರಬೇಕು. ಅದರ ಎರಡನೇ ಭಾಗ ಹರಿಯುವುದಕ್ಕೆ, ಮೂರನೆಯದ್ದು ತೂಕ ಇಳಿಯುವುದಕ್ಕೆ, ನಾಲ್ಕನೆಯದ್ದು ನೋಟ ಬದಲಾಗುವುದಕ್ಕೆ. ಆಮೇಲೆ 9 ಕಿಲೋಪಾಸ್ಕಲ್ಲೋ 12ಓ. ಸೋಫಾ ಬಟ್ಟೆಯನ್ನು 9ರಲ್ಲಿ ಪರೀಕ್ಷಿಸಿ ದೊಡ್ಡ ನಂಬರ್ ತೋರಿಸಿದ ವರದಿ ನನ್ನ ಕೈಗೆ ಎರಡು ಸಲ ಬಂದಿದೆ. "50,000ಕ್ಕಿಂತ ಜಾಸ್ತಿ" ಅಂತ ಇದ್ದರೆ ಅಲ್ಲಿಗೆ ನಿಲ್ಲಿಸಿದ್ದಾರೆ, ಬಟ್ಟೆ ಹರಿದಿಲ್ಲ ಅಂತ ಅರ್ಥ. ಬಣ್ಣ ಮಾಸಿದ್ದನ್ನೂ ಬರೆದಿದ್ದರೆ ಒಳ್ಳೆಯ ಲ್ಯಾಬ್. ಎಷ್ಟೋ ಬಟ್ಟೆ ಹರಿಯುವ ಎಷ್ಟೋ ಮೊದಲೇ ನೋಡಲು ಬೇಡವಾಗಿರುತ್ತದೆ.

ಇಲ್ಲಿಂದ ಎಲ್ಲಿಗೆ ಕಳಿಸುವುದು? ಎಷ್ಟು ಬಟ್ಟೆ ಬೇಕು?

ಕೇಂದ್ರ ಸರ್ಕಾರದ ಜವಳಿ ಸಮಿತಿಯ ಲ್ಯಾಬ್ ಬೆಂಗಳೂರಿನಲ್ಲಿ ಉಂಟು. ಕೊಯಮತ್ತೂರಿನಲ್ಲಿ ಸಿಟ್ರಾ ಎಂಬ ಜವಳಿ ಸಂಶೋಧನಾ ಸಂಸ್ಥೆ ಇದೆ. ಖಾಸಗಿಯವರು ಬೆಂಗಳೂರು, ತಿರುಪ್ಪೂರಿನಲ್ಲಿ ಬೇಕಾದಷ್ಟು. ಕಳಿಸುವ ಮೊದಲು ಫೋನ್ ಮಾಡಿ, ಯಾವ ಪರೀಕ್ಷೆ, ಎಷ್ಟು ಒತ್ತಡ ಅಂತ ಹೇಳಿ ದರ ಕೇಳಿ.

ಪೂರ್ತಿ ಅಗಲದ ಅರ್ಧ ಮೀಟರ್ ಸಾಕು. ಅಂಚಿನಿಂದ 10 ಸೆಂ.ಮೀ. ಬಿಟ್ಟೇ ಬಿಲ್ಲೆ ತೆಗೆಯುತ್ತಾರೆ, ಹಾಗಾಗಿ ಸಣ್ಣ ಪಟ್ಟಿ ಕಳಿಸಬೇಡಿ. ಮಡಚಬೇಡಿ, ರಟ್ಟಿನ ಕೊಳವೆಗೆ ಸುತ್ತಿ. ಮಡಿಕೆಯ ಗೆರೆ ಬಿಲ್ಲೆಯ ಮೇಲೆ ಬಂದರೆ ಅಲ್ಲೇ ಮೊದಲು ಸವೆಯುತ್ತದೆ. ಮುಖ ಯಾವುದು ಅಂತ ಚೀಟಿ ಅಂಟಿಸಿ. ನೇಯ್ಗೆಯಲ್ಲೇ ಚಿತ್ತಾರ ಬರುವ ಜಕಾರ್ಡ್ ಬಟ್ಟೆಯಲ್ಲಿ ಮುಖ ಯಾವುದು, ಬೆನ್ನು ಯಾವುದು ಅಂತ ಕೆಲವೊಮ್ಮೆ ನಮಗೂ ತಿಳಿಯುವುದಿಲ್ಲ. ಒಮ್ಮೆ ಹೀಗೇ ಚೀಟಿ ಇಲ್ಲದೆ ಬಂದ ಬಟ್ಟೆಯ ಬೆನ್ನನ್ನು ಇಡೀ ರಾತ್ರಿ ಉಜ್ಜಿಸಿ, ಬೆಳಿಗ್ಗೆ ಪಾರ್ಟಿಗೆ ಫೋನ್ ಮಾಡಿ "ಬಟ್ಟೆ ಭಾರೀ ಗಟ್ಟಿ ಉಂಟು" ಅಂತ ಹೇಳಿದ್ದೆ.